ನಾಲಿಗೆಯಲ್ಲೊಂದು ಕಡಲೆಕಾಳು

ಸಿಟಿ ಬಸ್ಸಿನಲ್ಲಿ ಆಗಿನ್ನೂ ಕಾಗದದ ಟಿಕೆಟ್ಟು. ಕಟ್ಟಿನಿಂದ ಒಂದನ್ನು ಮಾತ್ರ ಬಿಡಿಸಿ ಹರಿಯಬೇಕಾದರೆ ಹೆಬ್ಬೆರಳು ಒದ್ದೆಯಾಗಿರಬೇಕು. ಅದಕ್ಕೆ ಕಂಡಕ್ಟರನ ಹತ್ತಿರ ಇದ್ದ ನಲ್ಲಿ ಒಂದೇ, ಅವನ ನಾಲಿಗೆ. ಸ್ಪಂಜಿನ ಡಬ್ಬಿ ಇಟ್ಟುಕೊಳ್ಳಿ ಎಂದು ಡಿಪೋದಲ್ಲಿ ಹೇಳುತ್ತಿದ್ದರು. ಹೇಳುತ್ತಿದ್ದವರು ಕುರ್ಚಿಯಲ್ಲಿ ಕೂತವರು. ಬೆಳಗಿನ ರಷ್ಷಿನಲ್ಲಿ ಒಂದು ಕೈಯಲ್ಲಿ ಟಿಕೆಟ್ಟಿನ ಕಟ್ಟು, ಇನ್ನೊಂದು ಕೈಯಲ್ಲಿ ಮೇಲಿನ ಕಂಬಿ, ಬಾಯಲ್ಲಿ ವಿಷಲ್ ಹಿಡಿದುಕೊಂಡವನು ಡಬ್ಬಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಸ್ವಾಮಿ ಎಂದು ನಾನು ಕೇಳಿದ್ದೆ.

ಹಾಗಾಗಿ ನನ್ನ ನಾಲಿಗೆಯಲ್ಲಿ ಗಂಟು ಎದ್ದದ್ದು ಮೊದಲು ಗೊತ್ತಾದದ್ದು ನನ್ನ ಹೆಬ್ಬೆರಳಿಗೆ. ಬಸವೇಶ್ವರನಗರದ ಹತ್ತಿರ ಯಾರಿಗೋ ಟಿಕೆಟ್ಟು ಕೊಡಲು ಬೆರಳನ್ನು ನಾಲಿಗೆಯ ಬಲಗಡೆಗೆ ಒತ್ತಿದೆ, ಏನೋ ಗಟ್ಟಿಯಾಗಿ ತಗುಲಿತು. ತಿಂಡಿಯ ಬೇಳೆ ಸಿಕ್ಕಿಕೊಂಡಿರಬೇಕೆಂದು ಉಗಿಯಲು ನೋಡಿದೆ. ಬರಲಿಲ್ಲ. ಅದು ನಾಲಿಗೆಯ ಒಳಗೇ ಇತ್ತು. ನೋವಿಲ್ಲ, ಉರಿಯಿಲ್ಲ, ತೊಗರಿಬೇಳೆಯಷ್ಟು ಗಾತ್ರ. ಮುಂದಿನ ಸ್ಟಾಪಿಗೆ ಮರೆತುಬಿಟ್ಟೆ. ಆದರೆ ಬೆರಳು ದಿನಕ್ಕೆ ನೂರಾರು ಸಲ ಅಲ್ಲಿಗೇ ಹೋಗುತ್ತಿತ್ತಲ್ಲ, ಮರೆಯಲು ಬಿಡಲಿಲ್ಲ.

ನನ್ನ ಗಂಟಲಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಬಸ್ಸು ನಂದಿನಿ ಲೇಔಟಿನಿಂದ ಹೊರಟು ಮಹಾಲಕ್ಷ್ಮಿ ಲೇಔಟು, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಯಂಡಹಳ್ಳಿ ದಾಟಿ ಕೆಂಗೇರಿಗೆ ಹೋಗುತ್ತಿತ್ತು. ಪ್ರತಿ ಸ್ಟಾಪಿನ ಹೆಸರನ್ನೂ ನಾನು ಕೂಗುತ್ತಿದ್ದೆ. ಕೂಗಲೇಬೇಕೆಂಬ ಕಾನೂನೇನೂ ಇರಲಿಲ್ಲ. ಎಷ್ಟೋ ಕಂಡಕ್ಟರುಗಳು ಬಾಯಿ ಬಿಡುತ್ತಿರಲಿಲ್ಲ. ನನಗೆ ಮಾತ್ರ ಕೂಗದಿದ್ದರೆ ಕೆಲಸ ಮಾಡಿದ ಹಾಗೇ ಅನ್ನಿಸುತ್ತಿರಲಿಲ್ಲ. ನನ್ನ ಹೆಂಡತಿ ನನಗೆ ಸಿಕ್ಕಿದ್ದೂ ಹೀಗೆಯೇ. ಮದುವೆಗೆ ಮುಂಚೆ ಅವಳು ನಾಯಂಡಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಳು. ವಿಜಯನಗರದಲ್ಲಿ ಹತ್ತಿ, ಸೀಟು ಸಿಕ್ಕಿದ ತಕ್ಷಣ ಕಂಬಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದಳು. ನಾನು 'ನಾಯಂಡಹಳ್ಳಿ' ಎಂದು ಕೂಗಿದಾಗ ಎದ್ದು ಇಳಿಯುತ್ತಿದ್ದಳು. ಒಂದು ದಿನ ನಾನು ರಜೆಯಲ್ಲಿದ್ದೆ, ಅವಳು ನಿದ್ದೆಯಲ್ಲೇ ಕೆಂಗೇರಿಗೆ ಹೋಗಿಬಿಟ್ಟಳಂತೆ. ಮಾರನೆಯ ದಿನ ಹತ್ತಿದವಳು ನನ್ನನ್ನೇ ದಬಾಯಿಸಿದಳು: "ನಿನ್ನೆ ಎಲ್ಲಿಗ್ರೀ ಹೋಗಿದ್ರಿ? ನಿಮ್ಮಿಂದ ನನಗೆ ಅರ್ಧ ದಿನದ ಹಾಜರಿ ಹೋಯ್ತು." ನಮ್ಮ ಸಂಸಾರ ಶುರುವಾದದ್ದು ಆ ಜಗಳದಿಂದ.

ಇನ್ನು ನಮ್ಮ ಡ್ರೈವರಣ್ಣ. ಬಿಜಾಪುರದ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಬಾಯಿ ಜೋರು, ಮನಸ್ಸು ಮೆತ್ತಗೆ. ಅವನಿಗೆ ಗುಟ್ಕಾ ಚಟವಿತ್ತು. ಬಿಟ್ಟಿದ್ದೇನೆ ಎಂದು ಹೆಂಡತಿಯ ಮುಂದೆ ದೇವರ ದೀಪ ಮುಟ್ಟಿ ಹೇಳಿದ್ದ. ಆ ತಾಯಿ ದೀಪವನ್ನು ನಂಬಿದಳೇ ಹೊರತು ಗಂಡನನ್ನು ನಂಬಲಿಲ್ಲ. ಅವನು ಮನೆಗೆ ಬಂದ ಕೂಡಲೇ ಅಂಗಿಯ ಜೇಬು, ಪ್ಯಾಂಟಿನ ಜೇಬು, ಟಿಫನ್ ಡಬ್ಬಿಯ ಚೀಲ ಎಲ್ಲ ತಡಕುತ್ತಿದ್ದಳು. ಅದಕ್ಕೆ ಅವನು ಕಂಡುಕೊಂಡ ಉಪಾಯ ನನ್ನ ಚರ್ಮದ ಬ್ಯಾಗು.

"ತಮ್ಮಾ, ಈ ಗುಟ್ಕಾ ಚೀಟ ನಿನ್ನ ಚೀಲದಾಗ ಇರ್ಲಿ. ಆಕಿ ನನ್ನ ಕಿಸೆ ನೋಡ್ತಾಳ, ನಿನ್ನ ಚೀಲ ನೋಡಂಗಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನ್ನ ಮನ್ಯಾಗೂ ಹೇಳಬ್ಯಾಡ, ಹೆಣ್ಮಕ್ಕಳು ಹೆಣ್ಮಕ್ಕಳು ಒಂದಾಕ್ಕಾರ."

ಹೀಗೆ ಡ್ರೈವರನ ಗುಟ್ಕಾವನ್ನು ಕಂಡಕ್ಟರನ ಬ್ಯಾಗಿನ ಪಕ್ಕದ ಜೇಬಿನಲ್ಲಿ ಕಾಪಾಡುವುದು ನಮ್ಮ ಡಿಪೋದಲ್ಲಿ ಹೊಸದೇನೂ ಆಗಿರಲಿಲ್ಲ. ನನಗೆ ಅದರ ವಾಸನೆಯೇ ಆಗುತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ. ದಿನವಿಡೀ ಒಂದೇ ಬಸ್ಸಿನಲ್ಲಿ ಜೀವ ಇಟ್ಟುಕೊಂಡು ಓಡಾಡುವವರು ಇಷ್ಟೂ ಮಾಡದಿದ್ದರೆ ಹೇಗೆ?

ಬೇಳೆಯಂತಿದ್ದದ್ದು ಕೆಲವು ತಿಂಗಳಲ್ಲಿ ಕಡಲೆಕಾಳಿನಷ್ಟಾಯಿತು. ವಿಜಯನಗರದ ಒಬ್ಬ ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಅವರು ಬಾಯಿ ನೋಡಿ, ಕೆಲಸ ಕೇಳಿ, ವಿಷಲ್ ಉಜ್ಜಿ ಉಜ್ಜಿ ಹೀಗಾಗಿದೆ, ಸ್ವಲ್ಪ ದಿನ ವಿಷಲ್ ಊದಬೇಡಿ ಎಂದರು. ನಾನು ವಿಷಲ್ ಬಿಟ್ಟು ಬಸ್ಸಿನ ತಗಡು ಬಡಿಯತೊಡಗಿದೆ: ನಿಲ್ಲಿಸಲು ಒಂದು ಏಟು, ಹೊರಡಲು ಎರಡು. ಗಂಟು ಜಪ್ಪಯ್ಯ ಅನ್ನಲಿಲ್ಲ. ಆಗ ಅದೇ ಡಾಕ್ಟರು ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಕಳಿಸಿದರು.

ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಹೊರಗೆ ಬೆಂಚಿನ ತುಂಬ ಜನ. ನನ್ನ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು.

"ಗುಟ್ಕಾನೋ, ಪಾನೋ?" ಎಂದರು.

"ಎರಡೂ ಇಲ್ಲ ಸಾರ್."

"ಬೀಡಿ, ಸಿಗರೇಟು?"

"ಇಲ್ಲ ಸಾರ್."

"ಕಂಡಕ್ಟ್ರು ಅಂತೀರ, ಏನೂ ಇಲ್ಲ ಅಂತೀರ. ನಮ್ಮ ಹತ್ರ ಮುಚ್ಚಿಟ್ರೆ ನಿಮಗೇ ತೊಂದ್ರೆ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಖಾಕಿ ಹಾಕಿದೋರೆಲ್ಲ ಗುಟ್ಕಾ ತಿಂತಾರೆ ಅಂತ ಬರೆದಿದೆಯಾ ಸಾರ್ ಎಲ್ಲಾದ್ರೂ?" ಎಂದುಬಿಟ್ಟೆ. ಅವರು ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಗಂಟಿನ ಮೇಲಿಂದ ಚೂರೇ ಚೂರು ಚಿವುಟಿ ತೆಗೆದು ಪರೀಕ್ಷೆಗೆ ಕಳಿಸಿದರು.

ರಿಪೋರ್ಟು ಬಂದ ದಿನ ಅವರ ದನಿ ಮೆತ್ತಗಾಗಿತ್ತು. ಅದೇ ನನಗೆ ಹೆದರಿಕೆ ತಂದದ್ದು. ಕ್ಯಾನ್ಸರ್ ಎಂದರು. ನಾಲಿಗೆಯ ಬಲಭಾಗ ತೆಗೆಯಬೇಕು, ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕು, ತಡ ಮಾಡಬಾರದು ಎಂದರು.

"ಮಾತು?" ಎಂದು ಕೇಳಿದೆ.

"ಮಾತು ಬರುತ್ತೆ. ಮೊದಲಿನ ಥರ ಇರಲ್ಲ. ಈಗ ಮಾತಿನ ಯೋಚನೆ ಬಿಡಿ, ಜೀವದ ಯೋಚನೆ ಮಾಡಿ."

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಮಾತನ್ನೇ. ಬೇರೆ ಕಂಡಕ್ಟರ್ ಟಿಕೆಟ್ಟು ಹರಿಯುತ್ತಿದ್ದ. ಸ್ಟಾಪು ಬಂದರೂ ಕೂಗಲಿಲ್ಲ. ನನಗೇ ಕೂಗಬೇಕೆನ್ನಿಸಿ ಬಾಯಿ ತೆರೆದವನು, ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ.

ಮನೆಗೆ ಬಂದು ಹೆಂಡತಿ ದೇವರ ಮುಂದೆ ಕೂತಳು. ಆಮೇಲೆ ವಿಭೂತಿಯ ಪೊಟ್ಟಣ ಕಟ್ಟಿಕೊಂಡು, ನಾನು ಎಲ್ಲಿ ಹೋದರೂ ಜೊತೆಗಿರಲಿ ಎಂದು ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಗುಟ್ಕಾ ಪ್ಯಾಕೆಟ್ಟು.

ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಕೂಗಾಡಲಿಲ್ಲ. "ಇಷ್ಟಾದ್ರೂನೂ ಸುಳ್ಳು ಹೇಳಿದ್ರಲ್ರೀ" ಎಂದಳು, ಅಷ್ಟೇ.

"ನಂದಲ್ಲ ಕಣೇ."

"ಮತ್ತೆ ಯಾರ್ದು?"

ಕೊಟ್ಟ ಮಾತು ಇತ್ತಲ್ಲ, ಬಾಯಿಗೆ ಬೀಗ ಬಿತ್ತು. ನನ್ನ ಮೌನವನ್ನು ಅವಳು ಒಪ್ಪಿಗೆ ಎಂದುಕೊಂಡಳು. ಪ್ಯಾಕೆಟ್ಟನ್ನು ಬಿಸಾಡದೆ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಆ ವಾರವೆಲ್ಲ ಅವಳು ತಟ್ಟೆಗೆ ಮುದ್ದೆ ಹಾಕುವುದನ್ನು ನೋಡಿದರೇ ನನಗೆ ಗೊತ್ತಾಗುತ್ತಿತ್ತು, ಅವಳಿಗೆ ನನ್ನ ಮೇಲೆ ಎಷ್ಟು ಸಿಟ್ಟಿದೆ, ನನ್ನ ಸಲುವಾಗಿ ಎಷ್ಟು ಭಯವಿದೆ ಎಂದು. ನನಗೆ ರೋಗಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತು. ಕ್ಯಾನ್ಸರಿಗೆ ಡಾಕ್ಟರಾದರೂ ಇದ್ದಾರೆ.

ಕೆಂಗೇರಿ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಡ್ರೈವರಣ್ಣನಿಗೆ ವಿಷಯ ಹೇಳಿದೆ. ಅವನು ಲೋಟ ಕೆಳಗಿಟ್ಟ. ಬಾಯಲ್ಲಿದ್ದದ್ದನ್ನು ಹೋಗಿ ಮೋರಿಗೆ ಉಗಿದು, ನಲ್ಲಿಯಲ್ಲಿ ಬಾಯಿ ತೊಳೆದುಕೊಂಡು ಬಂದ.

"ನನಗ ಬರಬೇಕಾಗಿದ್ದು ನಿನಗ ಬಂತೇನಪಾ" ಎಂದ. ಆಮೇಲೆ ತಾನೇ ಹೇಳಿದ: ಅವನ ಊರಿನವರೊಬ್ಬರು ದವಡೆಯ ಗಡ್ಡೆಗೆ ಒಂದು ದಂತ ಕಾಲೇಜಿಗೆ ಹೋಗಿದ್ದರಂತೆ. ಅಲ್ಲಿ ಬಾಯಿಯ ರೋಗಗಳನ್ನು ಗುರುತಿಸುವುದಕ್ಕೆಂದೇ ಒಂದು ವಿಭಾಗವಿದೆಯಂತೆ. ಕೊಯ್ಯಿಸಿಕೊಳ್ಳುವ ಮುಂಚೆ ಅಲ್ಲಿ ಒಂದು ಸಲ ತೋರಿಸೋಣ ಎಂದು ಹಟ ಹಿಡಿದ. ರಜೆ ಹಾಕಿ ತಾನೂ ಬಂದ.

ಆ ವಿಭಾಗದ ಡಾಕ್ಟರು ಒಬ್ಬ ಹೆಂಗಸು, ಕನ್ನಡಕ, ಕಾಟನ್ ಸೀರೆ, ಅವಸರವಿಲ್ಲದ ಮಾತು. ಅವರೂ ಮೊದಲು ಕೇಳಿದ್ದು ಅದನ್ನೇ: ಗುಟ್ಕಾ, ಎಲೆ ಅಡಿಕೆ, ಕಡ್ಡಿಪುಡಿ ಏನಾದರೂ ಉಂಟಾ? ನಾನು ಇಲ್ಲ ಎಂದೆ. ಹೆಂಡತಿ ಪರ್ಸು ತೆಗೆದು ಪ್ಯಾಕೆಟ್ಟನ್ನು ಟೇಬಲ್ಲಿನ ಮೇಲಿಟ್ಟಳು.

"ಇಲ್ಲ ಅಂತಾನೇ ಹೇಳ್ತಾರೆ ಮೇಡಂ. ಇದು ಇವರ ಬ್ಯಾಗಲ್ಲಿ ಸಿಕ್ತು. ನೀವು ನಿಜ ತಿಳ್ಕೊಂಡೇ ನೋಡಿ."

ಬಾಗಿಲ ಹತ್ತಿರ ನಿಂತಿದ್ದ ಡ್ರೈವರಣ್ಣ ಮುಂದೆ ಬಂದ. ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತವನ ಹಾಗೆ ಕೈ ಕಟ್ಟಿಕೊಂಡಿದ್ದ.

"ಮೇಡಂರ, ಆ ಚೀಟ ನಂದ್ರೀ. ಇವಂದಲ್ಲ. ಇವ ಅಡಕಿ ಹೋಳ ಸುದ್ದಾ ಬಾಯಾಗ ಹಾಕಂಗಿಲ್ರೀ. ನಾ ಹೇಂತಿಗೆ ಅಂಜಿ ಇವನ ಚೀಲದಾಗ ಇಡತಿದ್ದೆ." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ತಂಗೆವ್ವ, ತಪ್ಪು ನಂದು. ಇವ ಮಾತಿಗೆ ಬಿದ್ದು ಸುಮ್ಮನಿದ್ದಾನ" ಎಂದ.

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಎದೆಯ ಮೇಲಿನ ಅರ್ಧ ಭಾರ ಅಲ್ಲೇ ಇಳಿದುಹೋಯಿತು. ಇನ್ನು ನಾಲಿಗೆ ಕತ್ತರಿಸಿದರೂ ಕತ್ತರಿಸಲಿ ಎನ್ನಿಸಿತು.

ಡಾಕ್ಟರು ನಗಲೂ ಇಲ್ಲ, ಬೈಯಲೂ ಇಲ್ಲ. ಕೈಗವಸು ಹಾಕಿ ಗಂಟನ್ನು ಎರಡು ಬೆರಳ ನಡುವೆ ಹಿಡಿದು ಬಹಳ ಹೊತ್ತು ಮುಟ್ಟಿ ನೋಡಿದರು. ಕತ್ತನ್ನೂ ತಡವಿದರು. ಆಮೇಲೆ ಮೂವರಿಗೂ ಅರ್ಥವಾಗುವ ಹಾಗೆ ಹೇಳಿದರು.

"ಚಟ ಇಲ್ಲದೋರಿಗೂ ಕ್ಯಾನ್ಸರ್ ಬರುತ್ತೆ, ಅದಕ್ಕೇ ಇದು ಕ್ಯಾನ್ಸರ್ ಅಲ್ಲ ಅಂತ ಈಗಲೇ ನಾನು ಹೇಳಲ್ಲ. ಆದ್ರೆ ಇಲ್ಲಿ ಹುಣ್ಣಿಲ್ಲ. ಮೇಲೆ ನಯವಾಗಿದೆ, ಗಟ್ಟಿ ಇರೋದು ಚರ್ಮದ ಕೆಳಗೆ. ಚಟನೂ ಇಲ್ಲ. ರಿಪೋರ್ಟು ಹೇಳೋದಕ್ಕೂ ನನ್ನ ಬೆರಳಿಗೆ ಸಿಗ್ತಿರೋದಕ್ಕೂ ತಾಳೆ ಆಗ್ತಾ ಇಲ್ಲ. ಆ ಆಸ್ಪತ್ರೆಯಿಂದ ಗಾಜಿನ ಸ್ಲೈಡು, ಮೇಣದಲ್ಲಿ ಕೂರಿಸಿಟ್ಟ ಚೂರು ಎರಡೂ ಇಸ್ಕೊಂಡು ಬನ್ನಿ. ಅದನ್ನ ನೋಡದೆ ಯಾರೂ ನಾಲಿಗೆ ಮುಟ್ಟೋದು ಬೇಡ."

ನಾವು ಹೊರಡಲು ಎದ್ದಾಗ ಅವರು ಡ್ರೈವರಣ್ಣನ ಕಡೆ ಬೆರಳು ತೋರಿಸಿದರು. "ನೀವು ಕೂತ್ಕೊಳ್ಳಿ. ಬಾಯಿ ತೆಗೀರಿ." ಅವನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. ಬಿಟ್ಟರೆ ಉಳಿಯುತ್ತೀರಿ, ಬಿಡದಿದ್ದರೆ ನಾನು ಹೊಣೆಯಲ್ಲ ಎಂದರು. ಅವನು ಟೇಬಲ್ಲಿನ ಮೇಲಿದ್ದ ತನ್ನ ಪ್ಯಾಕೆಟ್ಟನ್ನು ತಾನೇ ಕಸದ ಡಬ್ಬಿಗೆ ಹಾಕಿದ. ಮನೆಗೆ ಹೋಗಿ ಹೆಂಡತಿಗೂ ಎಲ್ಲ ಹೇಳಿದನಂತೆ. ಆಕೆ ಏನು ಮಾಡಿದಳೆಂದು ನಾನು ಕೇಳಲಿಲ್ಲ, ಎರಡು ದಿನ ಅವನ ಟಿಫನ್ ಡಬ್ಬಿ ಬರಲಿಲ್ಲ ಎಂಬುದನ್ನು ಮಾತ್ರ ಗಮನಿಸಿದೆ.

ಸ್ಲೈಡು ತಂದುಕೊಟ್ಟೆವು. ಡಾಕ್ಟರು ನೋಡಿ, ಮೊದಲು ತೆಗೆದ ಚೂರು ತೀರಾ ಮೇಲುಮೇಲಿನದು, ಇದರಲ್ಲಿ ಚರ್ಮ ಮಾತ್ರ ಇದೆ, ಗಂಟೇ ಬಂದಿಲ್ಲ ಎಂದರು. ಮತ್ತೊಮ್ಮೆ ಆಳದಿಂದ ಚೂರು ತೆಗೆಸಿದರು. ಈ ಸಲ ಹೊಲಿಗೆ ಬಿತ್ತು, ಮಾತಾಡಬೇಡಿ ಎಂದರು. ಮನೆಯಲ್ಲಿ ಗಂಜಿ ಕುಡಿದುಕೊಂಡು ಕೂತೆ. ಹೆಂಡತಿಯೇ ಈಗ ಎರಡರಷ್ಟು ಮಾತಾಡುತ್ತಿದ್ದಳು. ಜಗಳವಾಡಲು ಆಗದ ಗಂಡ ಸಿಕ್ಕಿದ್ದಾನೆ, ಎಲ್ಲ ಬಾಕಿ ತೀರಿಸಿಕೊಳ್ಳುತ್ತೇನೆ ಎಂದು ಗೇಲಿ ಮಾಡುತ್ತಿದ್ದಳು. ನಡುವೆ ಒಂದೊಂದು ಸಲ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದಳು.

ಫಲಿತಾಂಶಕ್ಕೆ ಮೂವರೂ ಹೋದೆವು. ಡಾಕ್ಟರು ನಮ್ಮನ್ನು ಕಂಡ ತಕ್ಷಣ, ಕೂರಿಸುವ ಮೊದಲೇ, "ಕ್ಯಾನ್ಸರ್ ಅಲ್ಲ" ಎಂದರು. ಅವರಿಗೆ ದೇವರು ಒಳ್ಳೆಯದು ಮಾಡಲಿ, ಎಷ್ಟು ಜನ ಡಾಕ್ಟರಿಗೆ ಆ ಮಾತನ್ನು ಮೊದಲು ಹೇಳಬೇಕೆಂದು ಹೊಳೆಯುತ್ತದೆ? ನನಗೆ ಹೋದ ಜೀವ ಬಂದಂತಾಯಿತು. ಬಾಯಲ್ಲಿ ಹೊಲಿಗೆ, ಏನೂ ಹೇಳುವ ಹಾಗಿಲ್ಲ. ನನ್ನ ಕೈ ತಾನಾಗಿಯೇ ಪಕ್ಕದ ಕಬ್ಬಿಣದ ಬೀರುವನ್ನು ಎರಡು ಸಲ ಬಡಿಯಿತು. ಡಾಕ್ಟರು ಬೆಚ್ಚಿದರು. ಡ್ರೈವರಣ್ಣ ಅಳುತ್ತಲೇ ನಕ್ಕು, "ಗಾಡಿ ಬಿಡು ಅನ್ನಾಕತ್ತಾನ್ರೀ ಮೇಡಂರ" ಎಂದ.

ಅವರು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ತೋರಿಸಿದರು. ಗುಲಾಬಿ ಬಣ್ಣದ ಬಯಲಿನಲ್ಲಿ ಉಬ್ಬಿದ ಜೀವಕೋಶಗಳು, ಪ್ರತಿಯೊಂದರೊಳಗೂ ಸಣ್ಣ ರವೆ ತುಂಬಿದ ಹಾಗೆ. ಇದಕ್ಕೆ ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್ ಎನ್ನುತ್ತಾರೆ, ನರಗಳ ಸುತ್ತ ಹೊದಿಕೆಯಾಗಿರುವ ಕೋಶಗಳಿಂದ ಹುಟ್ಟುತ್ತದೆ, ನಾಲಿಗೆಯಲ್ಲೇ ಹೆಚ್ಚು, ಆದರೆ ಕಾಣಸಿಗುವುದು ಬಹಳ ಅಪರೂಪ ಎಂದರು. ಇದು ಕೆಳಗಿದ್ದಾಗ ಮೇಲಿನ ಚರ್ಮ ದಪ್ಪಗಾಗಿ ಒಳಕ್ಕೆ ಬೇರು ಇಳಿಸಿದಂತೆ ಬೆಳೆಯುತ್ತದಂತೆ. ಬರೀ ಆ ಚರ್ಮವನ್ನು ಚಿವುಟಿ ನೋಡಿದರೆ ಎಂಥವರಿಗೂ ಕ್ಯಾನ್ಸರಿನ ಹಾಗೆಯೇ ಕಾಣುತ್ತದಂತೆ. ಹೆಬ್ಬೆರಳಿನಿಂದ ಬಂತಾ ಎಂದು ಕಾಗದದ ಮೇಲೆ ಬರೆದು ಕೇಳಿದೆ. "ಬೆರಳಿಂದ ಬರಲ್ಲ. ಆದ್ರೆ ದಯವಿಟ್ಟು ಸ್ಪಂಜು ಇಟ್ಕೊಳ್ಳಿ" ಎಂದರು. ಡಿಪೋದವರ ಪಕ್ಷಕ್ಕೆ ಒಂದು ವೋಟು ಹೆಚ್ಚಿತು.

ಆಮೇಲೆ ಅಲ್ಲಿನ ಸರ್ಜನ್ನರು ಗಂಟನ್ನು ತೆಗೆದರು. ಅದಕ್ಕೆ ಸರಿಯಾದ ಸಿಪ್ಪೆ ಇರುವುದಿಲ್ಲ, ಅಂಚು ಬಿಟ್ಟರೆ ಮತ್ತೆ ಬರಬಹುದು ಎಂದು ಸುತ್ತ ಸ್ವಲ್ಪ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆದರು. ಕತ್ತಿಗೆ ಕತ್ತರಿ ತಾಗಲಿಲ್ಲ. ನಾಲಿಗೆಯ ಬಲಗಡೆ ಒಂದು ಗುಳಿ ಉಳಿಯಿತು, ಅಷ್ಟೇ. ಆಗಾಗ ಬಂದು ತೋರಿಸಬೇಕು ಎಂದು ಕಳಿಸಿಕೊಟ್ಟರು.

ಮಾತು ಬಂತು. ಎಲ್ಲ ಅಕ್ಷರವೂ ಒಟ್ಟಿಗೆ ಬರಲಿಲ್ಲ. ನಾಲಿಗೆ ಬಾತುಕೊಂಡಿತ್ತು, ಮಡಿಸಲು ಹೋದರೆ ಹೊಲಿಗೆ ಎಳೆಯುತ್ತಿತ್ತು. ಬಾಯಿಗೆ ವ್ಯಾಯಾಮ ಬೇಕು, ದಿನಾ ಜೋರಾಗಿ ಓದಿ ಎಂದಿದ್ದರು. ನಾನು ಓದುವುದಕ್ಕೇನಿದೆ? ನಮ್ಮ ರೂಟನ್ನೇ ಹೇಳತೊಡಗಿದೆ. ಹೆಂಡತಿ ಹುರುಳಿಕಾಯಿ ಬಿಡಿಸುತ್ತ ಎದುರಿಗೆ ಕೂರುವಳು, ನಾನು ಮೂಡಲಪಾಳ್ಯದ ನಮ್ಮ ಎರಡು ಕೋಣೆಯ ಮನೆಯಲ್ಲಿ ನಂದಿನಿ ಲೇಔಟಿನಿಂದ ಹೊರಡುವೆ. ಮಹಾಲಕ್ಷ್ಮಿ ಲೇಔಟು ಸಲೀಸಾಗಿ ಬಂತು. ರಾಜಾಜಿನಗರ ಒಂದು ವಾರ ಸತಾಯಿಸಿ ಬಂತು. ನಾಯಂಡಹಳ್ಳಿ ಮಾತ್ರ ಬರಲಿಲ್ಲ. ನಾಲಿಗೆ ಮೇಲಕ್ಕೆ ಮಡಿಸಿ 'ಳ್ಳಿ' ಅನ್ನಬೇಕಾದ ಜಾಗದಲ್ಲಿ ಅದು ಸೋತು ಮಲಗುತ್ತಿತ್ತು. ನಾಯಂಡಹಲ್ಲಿ, ನಾಯಂಡಹಯ್ಯಿ ಎಂದೆಲ್ಲ ಆಗುತ್ತಿತ್ತು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು.

"ಬಿಡ್ರೀ, ಅಲ್ಲಿ ಇಳಿಯೋರು ತಾವೇ ಇಳೀತಾರೆ" ಎಂದಳು ಹೆಂಡತಿ.

"ನೀನು ಇಳೀತಿದ್ದೇನೇ ತಾನಾಗೇ?" ಎಂದೆ. ಅವಳು ಹುರುಳಿಕಾಯಿಯ ಕಡೆ ನೋಡಿದಳು.

ಡ್ಯೂಟಿಗೆ ಮರಳುವ ಹೊತ್ತಿಗೂ ಅದು ಹತ್ತರಲ್ಲಿ ಐದು ಸಲ ಮಾತ್ರ ಸರಿಯಾಗಿ ಬರುತ್ತಿತ್ತು. ಬೆಳಿಗ್ಗೆ ಡಿಪೋಗೆ ಹೋದರೆ ಡ್ರೈವರಣ್ಣ ಬಸ್ಸು ತೊಳೆಸಿ ನಿಲ್ಲಿಸಿದ್ದ. ಬಾಯಲ್ಲಿ ಬಡೇಸೋಂಪು. ನನ್ನ ಬ್ಯಾಗಿನ ಪಟ್ಟಿಗೆ ಸ್ಪಂಜಿನ ಸಣ್ಣ ಡಬ್ಬಿಯನ್ನು ಹೆಂಡತಿ ಹೊಲಿದುಕೊಟ್ಟಿದ್ದಳು. ಮೂರನೆಯ ಕೈ ಬೇಕಾಗಲೇ ಇಲ್ಲ. ಆದರೂ ಹೆಬ್ಬೆರಳು ಅರ್ಧ ದಾರಿಯವರೆಗೂ ಬಾಯಿಗೆ ಹೋಗಿ, ನೆನಪಾಗಿ, ಕೆಳಗಿಳಿಯುತ್ತಿತ್ತು.

ವಿಜಯನಗರದಲ್ಲಿ ಜನ ನುಗ್ಗಿದರು. ಟಿಕೆಟ್ಟು ಕೊಡುತ್ತ ಮುಂದೆ ಹೋದವನು ಲೇಡೀಸ್ ಸೀಟಿನ ಹತ್ತಿರ ನಿಂತುಬಿಟ್ಟೆ. ಅಲ್ಲಿ ನನ್ನ ಹೆಂಡತಿ ಕೂತಿದ್ದಳು. ಬರುತ್ತೇನೆ ಎಂದು ಬೆಳಿಗ್ಗೆ ಒಂದು ಮಾತೂ ಹೇಳಿರಲಿಲ್ಲ. ಕಂಬಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು, ಆ ದಿನಗಳ ಹಾಗೆಯೇ.

"ಎಲ್ಲಿಗಮ್ಮಾ?" ಎಂದು ಕೇಳಿದೆ.

ಕಣ್ಣು ತೆರೆಯಲಿಲ್ಲ. "ನೀವು ಕೂಗಿದ್ರೆ ಇಳೀತೀನಿ. ಇಲ್ಲಾಂದ್ರೆ ಕೆಂಗೇರಿಗೆ ಹೋಗ್ತೀನಿ" ಎಂದಳು.

ಮೈಸೂರು ರಸ್ತೆಯ ಜಂಕ್ಷನ್ನಿನ ಧೂಳು, ವರ್ಕ್‌ಶಾಪುಗಳ ಬಡಿತ ಕಿಟಕಿಯಿಂದ ಒಳಗೆ ಬಂದವು. ಡ್ರೈವರಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಬಸ್ಸನ್ನು ಬೇಕೆಂದೇ ನಿಧಾನ ಮಾಡಿದ. ಉಸಿರು ಎಳೆದುಕೊಂಡು, ನಾಲಿಗೆಯನ್ನು ಎಷ್ಟು ಮೇಲಕ್ಕೆ ಮಡಿಸಲಾದೀತೋ ಅಷ್ಟು ಮಡಿಸಿ ಕೂಗಿದೆ.

"ನಾಯಂಡಹಳ್ಳೀ! ಯಾರ್ರೀ ನಾಯಂಡಹಳ್ಳಿ?"

ಮುಂದಿನ ಸೀಟಿನ ಅಜ್ಜನೊಬ್ಬ ಕಿವಿ ಉಜ್ಜಿಕೊಂಡು, "ಕಿವಿ ತೂತಾಗೋ ಹಂಗೆ ಕೂಗ್ತೀಯಲ್ಲಪ್ಪ, ನಾವೇನು ಕಿವುಡ್ರಾ?" ಎಂದು ಗೊಣಗಿದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾದ ಉತ್ತರ ಕೊಡುತ್ತಿದ್ದೆ. ಆ ಹೊತ್ತಿಗೆ ಅವನ ಕಾಲು ಮುಟ್ಟಬೇಕೆನ್ನಿಸಿತು.

ಅವಳು ಕಣ್ಣು ಬಿಟ್ಟಳು. ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಪಕ್ಕದಲ್ಲೇ ಹಾದು ಬಾಗಿಲಿಗೆ ಹೋದಳು. "ಇಳಿಯೋರಿದ್ದಾರೆ, ತಡೀರಿ ಕಂಡಕ್ಟ್ರೇ" ಎಂದು ಇಳಿದಳು. ಧೂಳಿನಲ್ಲಿ ನಿಂತು, ತನಗೆ ಯಾವ ಕೆಲಸವೂ ಇಲ್ಲದ ಆ ಸ್ಟಾಪಿನಿಂದ ನನ್ನ ಕಡೆ ನೋಡಿ ಕೈ ಬೀಸಿದಳು. ವಿಷಲ್ ನನ್ನ ಕೈಯಲ್ಲೇ ಇತ್ತು. ಊದಲಿಲ್ಲ. ಬಾಯಲ್ಲೇ ಕೂಗಿದೆ: "ರೈಟ್, ರೈಟ್!"